ಮೂರೂವರೆ ಸಾವಿರದ ಗೆರೆ

2012ರಲ್ಲಿ ಬೆಂಗಳೂರಲ್ಲಿ ಮೊದಲ ಮನೆ ಹಿಡಿದಾಗ ಬಾಡಿಗೆ ಎಂಟು ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು. ಮೊದಲ ಸಂಬಳ ಇನ್ನೂ ಕೈಗೆ ಬಂದಿರಲಿಲ್ಲ. ಅಪ್ಪ ಊರಲ್ಲಿ ಜೋಡಿ ಎತ್ತು ಮಾರಿ ದುಡ್ಡು ಕಳಿಸಿದರು. ಹತ್ತು ತಿಂಗಳು ಅಂತ ಯಾವ ಕಾನೂನು ಹೇಳುತ್ತೆ ಅಂತ ಕೇಳೋಕೆ ನನಗಾಗ ತೋಚಲಿಲ್ಲ.

ಆಮೇಲೆ ಹುಡುಕಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ನ್ಯಾಯವಾದ ಬಾಡಿಗೆ ಎಷ್ಟು ಅಂತ ಗೊತ್ತುಮಾಡಿಸಿಕೊಳ್ಳಬಹುದಿತ್ತು. ಸುಮ್ಸುಮ್ನೆ ಮನೆ ಖಾಲಿ ಮಾಡಿಸೋ ಹಾಗಿರಲಿಲ್ಲ. ಅದರ ಜಾಗಕ್ಕೆ 1999ರ ಕಾಯ್ದೆ ಬಂತು. ಜಾರಿಯಾದದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲೊಂದು ಗೆರೆ ಇದೆ: ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಆ ಮನೆಗೆ ಕಾಯ್ದೆ ಅನ್ವಯಿಸೋದಿಲ್ಲ. ಅವತ್ತಿಗೆ ಅದು ಸಣ್ಣ ದುಡ್ಡಲ್ಲ. ಆದರೆ ಬಾಡಿಗೆ ಏರ್ತಾ ಹೋಯ್ತು, ಗೆರೆ ಅಲ್ಲೇ ನಿಂತಿತು. ನನ್ನ ಎಂಟು ಸಾವಿರದ ಮನೆ ಅದರ ಲೆಕ್ಕಕ್ಕೇ ಇರಲಿಲ್ಲ.

ನಮಗುಳಿದದ್ದು ಅಗ್ರಿಮೆಂಟ್. ಅದೂ ಹನ್ನೊಂದು ತಿಂಗಳದ್ದು. ಯಾಕಂದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು.

2021ರಲ್ಲಿ ಕೇಂದ್ರ ಒಂದು ಮಾದರಿ ಬಾಡಿಗೆ ಕಾಯ್ದೆ ತಂತು: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಆದರೆ ಅದು ಬರೀ ಮಾದರಿ. ಆಯಾ ರಾಜ್ಯ ಒಪ್ಪಿಕೊಂಡರೆ ಮಾತ್ರ ಕಾನೂನು.

ಮೂರು ವರ್ಷದ ನಂತರ ಆ ಮನೆ ಬಿಟ್ಟಾಗ, ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು 72,000 ವಾಪಸ್ ಕೊಟ್ಟರು. ಬಡ್ಡಿ ಮಾತೇ ಇಲ್ಲ. ಊರಿಗೆ ಹೋಗಿ ದುಡ್ಡು ಅಪ್ಪನ ಕೈಗಿಟ್ಟೆ. ಅಷ್ಟಕ್ಕೆ ಅಂಥ ಎತ್ತು ಸಿಗುತ್ತಿರಲಿಲ್ಲ. ಅಪ್ಪ ಆಗಲೇ ಬಾಡಿಗೆ ಟ್ರ್ಯಾಕ್ಟರಲ್ಲಿ ಉಳುಮೆ ಮಾಡಿಸುತ್ತಿದ್ದರು.