ಹನ್ನೆರಡರ ಗಡಿ: ‘ಡಾಕ್ಟರ್ ಹೂ’ ಕಥಾಲೋಕದಲ್ಲಿ ಮರುಹುಟ್ಟಿನ ಮಿತಿ ಮತ್ತು ವೈಫಲ್ಯ

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಟೈಮ್ ಲಾರ್ಡ್‌ಗಳು ಗ್ಯಾಲಿಫ್ರೇ ಗ್ರಹದ ದೀರ್ಘಾಯುಷಿಗಳು. ಸಾವಿನ ಅಂಚಿಗೆ ಬಂದಾಗ ಅವರ ದೇಹ ತಾನಾಗಿಯೇ ಹೊಸದಾಗುತ್ತದೆ. ಮುಖ ಬೇರೆ, ದನಿ ಬೇರೆ, ಸ್ವಭಾವವೂ ಅಷ್ಟಿಷ್ಟು ಬೇರೆ. ನೆನಪು ಮಾತ್ರ ಹಳೆಯದೇ. ಇದಕ್ಕೆ ರೀಜನರೇಶನ್ ಎಂದು ಹೆಸರು. ಅರವತ್ತು ವರ್ಷ ದಾಟಿದ ಈ ಧಾರಾವಾಹಿಯ ಆಯುಸ್ಸಿನ ಗುಟ್ಟು ಇದೇ ಎಂಬ ಮಾತು ಸಾಮಾನ್ಯ, ಅದು ನಿಜವೂ ಹೌದು. ಆದರೆ ಈ ಕಲ್ಪನೆಗೆ ತೂಕ ಬಂದದ್ದು ಅದು ಕೈಕೊಟ್ಟ ಕಥೆಗಳಿಂದ ಎಂಬುದು ಪ್ರಸ್ತುತ ಲೇಖನದ ವಾದ. ಆ ಕಥೆಗಳ ನಡುವೆ ನಿಂತಿರುವವನು ನಾಯಕ ಡಾಕ್ಟರ್ ಅಲ್ಲ, ಅವನ ಹಗೆ ಮಾಸ್ಟರ್.

ಮೊದಲಿಗೆ ಇಲ್ಲಿ ನಿಯಮವೆಂಬುದೇ ಇರಲಿಲ್ಲ. 1963ರಲ್ಲಿ ಧಾರಾವಾಹಿ ಆರಂಭವಾದಾಗಿನಿಂದ ಡಾಕ್ಟರ್ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರಿಗೆ ರಕ್ತನಾಳಗಳು ಗಡುಸಾಗುವ ಕಾಯಿಲೆಯಿತ್ತು. ಸಂಭಾಷಣೆ ನೆನಪಿನಲ್ಲಿ ನಿಲ್ಲುವುದೂ ಕಷ್ಟವಾಗತೊಡಗಿತು. ನಿರ್ಮಾಪಕ ಇನಿಸ್ ಲಾಯ್ಡ್ ಮತ್ತು ಕಥಾ ಸಂಪಾದಕ ಜೆರಿ ಡೇವಿಸ್ ಅವರ ಕಾಲದಲ್ಲಿ, 1966ರ ಅಕ್ಟೋಬರ್ 29ರಂದು ಪ್ರಸಾರವಾದ ‘ದಿ ಟೆಂತ್ ಪ್ಲಾನೆಟ್’ ಕಥೆಯ ಕೊನೆಯ ಕಂತಿನಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಕುಸಿದರು, ಅದೇ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ ಕಾಣಿಸಿಕೊಂಡರು. ಏನಾಯಿತು, ಹೇಗಾಯಿತು ಎಂಬ ವಿವರಣೆ ಹೆಚ್ಚೇನೂ ಸಿಗಲಿಲ್ಲ. ‘ಟೈಮ್ ಲಾರ್ಡ್’ ಎಂಬ ಹೆಸರು ಕೇಳಿಬಂದದ್ದೇ 1969ರ ‘ದಿ ವಾರ್ ಗೇಮ್ಸ್’ ಕಥೆಯಲ್ಲಿ. ಅಲ್ಲಿ ದೇಹ ಬದಲಾಗುವುದು ನ್ಯಾಯಾಲಯ ಕೊಟ್ಟ ಶಿಕ್ಷೆಯ ಭಾಗ. ‘ರೀಜನರೇಶನ್’ ಎಂಬ ಪದ ಬಂದದ್ದು ಇನ್ನೂ ತಡವಾಗಿ, 1974ರ ‘ಪ್ಲಾನೆಟ್ ಆಫ್ ದಿ ಸ್ಪೈಡರ್ಸ್’ನಲ್ಲಿ. ಅದರ ನಿರ್ಮಾಪಕ, ನಿರ್ದೇಶಕ ಬ್ಯಾರಿ ಲೆಟ್ಸ್ ಅವರಿಗೆ ಬೌದ್ಧ ಚಿಂತನೆಯಲ್ಲಿ ಆಳವಾದ ಒಲವಿತ್ತು. ಸಾಯುತ್ತಿರುವ ಡಾಕ್ಟರ್‌ಗೆ ಹೊಸ ದೇಹಕ್ಕೆ ದಾಟಲು ನೆರವಾಗುವವನು ಟಿಬೆಟಿನ ಲಾಮಾ ವೇಷದಲ್ಲಿರುವ ಇನ್ನೊಬ್ಬ ಟೈಮ್ ಲಾರ್ಡ್. ಬೌದ್ಧ ನೆರಳು ಇಷ್ಟು ದಟ್ಟವಾಗಿದ್ದರೂ ನಮ್ಮ ಪುನರ್ಜನ್ಮದ ಕಲ್ಪನೆಗೂ ಇದಕ್ಕೂ ದೂರ ಬಹಳ. ಇಲ್ಲಿ ಹಿಂದಿನ ಬದುಕು ಮರೆಯುವುದಿಲ್ಲ, ಕರ್ಮದ ಲೆಕ್ಕವೂ ಇಲ್ಲ.

ಬೇರೊಂದು ಲೆಕ್ಕ ಮಾತ್ರ ಎರಡೇ ವರ್ಷದಲ್ಲಿ ಹುಟ್ಟಿಕೊಂಡಿತು.

1976ರ ಜನವರಿಯಲ್ಲಿ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಒಂದು ಸುಳಿವು ಕೊಟ್ಟಿತ್ತು. ಕಾರ್ನ್ ಗ್ರಹದ ಸನ್ಯಾಸಿನಿಯರು ಕಾಯುವ ಜೀವರಸ ಟೈಮ್ ಲಾರ್ಡ್‌ಗಳಿಗೂ ಬೇಕಾಗುತ್ತದೆ, ಏಕೆಂದರೆ ಒಮ್ಮೊಮ್ಮೆ ಮರುಹುಟ್ಟು ಸಲೀಸಾಗಿ ಆಗುವುದಿಲ್ಲ. ಅದೇ ವರ್ಷದ ಕೊನೆಯಲ್ಲಿ ರಾಬರ್ಟ್ ಹೋಮ್ಸ್ ಬರೆದ ‘ದಿ ಡೆಡ್ಲಿ ಅಸಾಸಿನ್’ ಪ್ರಸಾರವಾಯಿತು. ಹೋಮ್ಸ್ ಎದುರು ಒಂದು ನಿಜವಾದ ತೊಡಕಿತ್ತು. ಮಾಸ್ಟರ್ ಪಾತ್ರವನ್ನು ಕಟ್ಟಿ ನಿಲ್ಲಿಸಿದ್ದ ರೋಜರ್ ಡೆಲ್ಗಾಡೊ 1973ರಲ್ಲಿ ಟರ್ಕಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಮಾಸ್ಟರ್‌ನಿಗೆ ಹೊಸದೊಂದು ಚೆಂದದ ಮುಖ ಕೊಡುವುದು ಸುಲಭವಿತ್ತು. ಹೋಮ್ಸ್ ಹಾಗೆ ಮಾಡಲಿಲ್ಲ. ಪೀಟರ್ ಪ್ರ್ಯಾಟ್ ಅಭಿನಯಿಸಿದ ಅವರ ಮಾಸ್ಟರ್ ಕಪ್ಪು ನಿಲುವಂಗಿಯೊಳಗಿನ ಕೊಳೆತ ದೇಹ: ಚರ್ಮ ಸುಲಿದ ಮುಖ, ತುಟಿಯಿಲ್ಲದ ಹಲ್ಲು, ಉಬ್ಬಿ ಹೊರಬಂದ ಕಣ್ಣು. ಅವನೇಕೆ ಹೀಗಾದ ಎಂಬುದಕ್ಕೆ ಉತ್ತರ ಬೇಕಲ್ಲ, ಅದನ್ನು ಕೊಡುವವನು ಗ್ಯಾಲಿಫ್ರೇಯ ದಾಖಲೆಗಳನ್ನು ನೋಡಿಕೊಳ್ಳುವ ವೃದ್ಧ ಎಂಜಿನ್. ಹನ್ನೆರಡನೆಯ ರೀಜನರೇಶನ್ ಮುಗಿದ ಮೇಲೆ ಸಾವನ್ನು ಮುಂದೂಡುವ ಉಪಾಯವೇ ಇಲ್ಲ ಎಂದು ಅವನು ಸಹಜವಾಗಿ, ಕಚೇರಿಯ ನಿಯಮವೊಂದನ್ನು ತಿಳಿಸುವಂತೆ ಹೇಳಿಬಿಡುತ್ತಾನೆ. ಹನ್ನೆರಡು ಮರುಹುಟ್ಟು, ಒಟ್ಟು ಹದಿಮೂರು ದೇಹ. ಆಗ ಡಾಕ್ಟರ್ ಪಾತ್ರದಲ್ಲಿದ್ದವರು ನಾಲ್ಕನೆಯ ನಟ ಟಾಮ್ ಬೇಕರ್. ಹದಿಮೂರು ಎಂಬುದು ಅಂದು ಬಹು ದೂರದ ಸಂಖ್ಯೆ.

ಅಂದರೆ ನಾಯಕನ ಆಯುಸ್ಸಿಗೆ ಗಡಿ ಹಾಕಬೇಕೆಂದು ಯಾರೂ ಈ ನಿಯಮ ಮಾಡಲಿಲ್ಲ. ಒಬ್ಬ ಖಳನ ದುರವಸ್ಥೆಗೆ ಕಾರಣ ಹೇಳಲು ಅದು ಹುಟ್ಟಿತು. ಈ ಮೂಲ ಮುಖ್ಯ. ಸಾವಿಗೆ ಹೆದರುವವನು ಎಂಥವನಾಗುತ್ತಾನೆ ಎಂಬ ಪ್ರಶ್ನೆ ನಿಯಮದ ಜೊತೆಗೇ ಅಂಟಿಕೊಂಡು ಬಂತು. ಕೊಳೆಯುತ್ತಲೇ ಬದುಕಿದ್ದ ಮಾಸ್ಟರ್ 1981ರ ‘ದಿ ಕೀಪರ್ ಆಫ್ ಟ್ರಾಕೆನ್’ನಲ್ಲಿ ಟ್ರೆಮಾಸ್ ಎಂಬ ಸಜ್ಜನನ ಶರೀರವನ್ನೇ ಕಸಿದುಕೊಳ್ಳುತ್ತಾನೆ. ಅದು ಮರುಹುಟ್ಟಲ್ಲ, ಕಳವು.

ಪರರ ಆಯುಸ್ಸಿನ ಮೇಲೆ ಕಣ್ಣು ಹಾಕುವ ಈ ಎಳೆಯನ್ನು ಅತ್ಯಂತ ಗಂಭೀರವಾಗಿ ಹಿಡಿದ ಕಥೆ ಪೀಟರ್ ಗ್ರಿಮ್‌ವೇಡ್ ಬರೆದ, 1983ರ ‘ಮಾಡ್ರಿನ್ ಅನ್‌ಡೆಡ್’. ಮಾಡ್ರಿನ್ ಮತ್ತು ಅವನ ಜೊತೆಗಾರರು ಟೈಮ್ ಲಾರ್ಡ್‌ಗಳಲ್ಲ. ಗ್ಯಾಲಿಫ್ರೇಯಿಂದ ಯಂತ್ರವೊಂದನ್ನು ಕದ್ದು, ತಮಗೂ ಮರುಹುಟ್ಟು ದಕ್ಕಲಿ ಎಂದು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡವರು. ಪ್ರಯೋಗ ಅಡ್ಡದಾರಿ ಹಿಡಿಯಿತು. ದೇಹ ಹೊಸದಾಗುತ್ತಲೇ ಇರುತ್ತದೆ, ಆದರೆ ಸರಿಯಾಗಿ ಎಂದೂ ಆಗದು. ತಲೆಬುರುಡೆ ತೆರೆದು ಮಿದುಳು ಕಾಣುತ್ತದೆ, ನೋವು ನಿಲ್ಲದು, ಸಾವೂ ಬಾರದು. ಬಾಹ್ಯಾಕಾಶದ ಹಡಗೊಂದರಲ್ಲಿ ಅವರು ಸುತ್ತುತ್ತಲೇ ಇದ್ದಾರೆ. ಅವರ ಬೇಡಿಕೆ ಒಂದೇ, ಡಾಕ್ಟರ್ ತನ್ನಲ್ಲಿ ಉಳಿದಿರುವ ಮರುಹುಟ್ಟುಗಳನ್ನು ತಮಗೆ ಕೊಡಬೇಕು. ಬದುಕಲಿಕ್ಕಲ್ಲ, ಸಾಯಲಿಕ್ಕೆ. ಆಗಿನ ಐದನೆಯ ಡಾಕ್ಟರ್ ಪೀಟರ್ ಡೇವಿಸನ್ ಲೆಕ್ಕ ಹಾಕುತ್ತಾನೆ: ಹನ್ನೆರಡರಲ್ಲಿ ನಾಲ್ಕು ಮುಗಿದಿವೆ, ಎಂಟು ಉಳಿದಿವೆ. ಹಡಗಿನಲ್ಲಿರುವವರೂ ಎಂಟು ಮಂದಿ. ಕೊಟ್ಟರೆ ತಾನು ಟೈಮ್ ಲಾರ್ಡ್ ಆಗಿ ಉಳಿಯುವುದಿಲ್ಲ. ಮೊದಲು ನಿರಾಕರಿಸಿದವನು, ಟೀಗನ್ ಮತ್ತು ನಿಸ್ಸಾ ಎಂಬ ಜೊತೆಗಾತಿಯರಿಗೂ ಆ ಸೋಂಕು ತಗುಲಿದಾಗ ಒಪ್ಪಿಕೊಳ್ಳುತ್ತಾನೆ. ಕೊನೆ ಗಳಿಗೆಯಲ್ಲಿ ಡಾಕ್ಟರ್‌ನ ಹಳೆಯ ಗೆಳೆಯ ಬ್ರಿಗೇಡಿಯರ್‌ನ ಬೇರೆ ಬೇರೆ ಕಾಲದ ಎರಡು ರೂಪಗಳ ಕೈ ತಾಕಿ ಚಿಮ್ಮಿದ ಶಕ್ತಿಯಿಂದ ಕೆಲಸ ನಡೆದು ಡಾಕ್ಟರ್ ಪಾರಾಗುತ್ತಾನೆ. ಕಥೆಯ ಈ ಗಂಟು ಬಿಡಿಸಿದ ರೀತಿ ಅನುಕೂಲಕ್ಕೆ ಒದಗಿದ್ದೆಂದು ಅನ್ನಿಸಿದರೂ, ಹೋಮ್ಸ್ ಹಾಕಿದ ಒಣ ಸಂಖ್ಯೆಗೆ ಇಲ್ಲಿ ಮೊದಲ ಬಾರಿಗೆ ನೈತಿಕ ಬೆಲೆ ಬಂತು. ಮಿತಿಯಿಲ್ಲದ ಮರುಹುಟ್ಟು ವರವಲ್ಲ ಎಂಬುದನ್ನು ಈ ಧಾರಾವಾಹಿ ಇಷ್ಟು ನೇರವಾಗಿ ಮತ್ತೆಂದೂ ಹೇಳಿಲ್ಲ.

ಮಿತಿಯೊಳಗೇ ನಡೆಯುವ ವೈಫಲ್ಯಗಳದು ಬೇರೆ ಬಗೆ. 1982ರ ‘ಕ್ಯಾಸ್ಟ್ರೊವಾಲ್ವಾ’ದಲ್ಲಿ ಹೊಸ ದೇಹ ನೆಲೆಗೊಳ್ಳದೆ ಡಾಕ್ಟರ್ ತನ್ನ ಹಳೆಯ ವ್ಯಕ್ತಿತ್ವಗಳ ನಡುವೆ ತಡವರಿಸುತ್ತಾನೆ. 1984ರ ‘ದಿ ಟ್ವಿನ್ ಡಿಲೆಮಾ’ದಲ್ಲಿ ಕಾಲಿನ್ ಬೇಕರ್ ಅವರ ಡಾಕ್ಟರ್ ಮತಿಭ್ರಮೆಯಲ್ಲಿ ಜೊತೆಗಾತಿ ಪೆರಿಯ ಕತ್ತು ಹಿಸುಕಲು ಹೋಗುತ್ತಾನೆ, ಪ್ರಯೋಗ ದಿಟ್ಟವೇ, ಆದರೆ ಆ ಡಾಕ್ಟರ್ ಮೇಲೆ ನೋಡುಗರಿಗೆ ಹುಟ್ಟಬೇಕಿದ್ದ ಮಮತೆಗೆ ಅದು ಮೊದಲ ದಿನವೇ ಪೆಟ್ಟು ಕೊಟ್ಟಿತು. 1996ರ ಟೆಲಿವಿಷನ್ ಚಿತ್ರದ ಸಂಗತಿ ಇನ್ನೂ ಸೂಕ್ಷ್ಮ. ಸ್ಯಾನ್ ಫ್ರಾನ್ಸಿಸ್ಕೊದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಎರಡು ಹೃದಯವಿರುವ ರೋಗಿಯನ್ನು ಮನುಷ್ಯನೆಂದೇ ತಿಳಿದ ವೈದ್ಯೆಯ ಕೈಯಲ್ಲಿ ಡಾಕ್ಟರ್ ಸಾಯುತ್ತಾನೆ. ಅರಿವಳಿಕೆಯ ಪ್ರಭಾವದಿಂದ ಮರುಹುಟ್ಟು ತಡವಾಗಿ, ಶವಾಗಾರದಲ್ಲಿ ಎದ್ದವನಿಗೆ ತಾನು ಯಾರೆಂಬುದೇ ನೆನಪಿಲ್ಲ. 2005ರ ನಂತರದ ಹೊಸ ಸರಣಿಯು ಇದಕ್ಕೆ ಇನ್ನೊಂದು ನಿಯಮ ಸೇರಿಸಿತು. ಸಾವು ತೀರ ದಿಢೀರನೆ ಬಂದರೆ, ಅಥವಾ ದೇಹ ಬದಲಾಗುತ್ತಿರುವಾಗಲೇ ಮತ್ತೊಂದು ಪೆಟ್ಟು ಬಿದ್ದರೆ, ಟೈಮ್ ಲಾರ್ಡ್ ಉಳಿಯುವುದಿಲ್ಲ. 2008ರ ‘ಟರ್ನ್ ಲೆಫ್ಟ್’ ಮತ್ತು 2011ರ ‘ದಿ ಇಂಪಾಸಿಬಲ್ ಆಸ್ಟ್ರೊನಾಟ್’ ಎರಡೂ ಈ ತರ್ಕದ ಮೇಲೆ ನಿಂತಿವೆ.

ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವುದು 2007ರ ‘ಲಾಸ್ಟ್ ಆಫ್ ದಿ ಟೈಮ್ ಲಾರ್ಡ್ಸ್’. ಈ ಹೊತ್ತಿಗೆ ಮರುಹುಟ್ಟುವ ಶಕ್ತಿಯನ್ನು ಮರಳಿ ಪಡೆದಿದ್ದ ಮಾಸ್ಟರ್ (ಜಾನ್ ಸಿಮ್) ಗುಂಡೇಟು ತಿಂದು ಡಾಕ್ಟರ್‌ನ ತೋಳಿನಲ್ಲಿದ್ದಾನೆ. ಮರುಹುಟ್ಟು ಪಡೆ ಎಂದು ಡಾಕ್ಟರ್ ಅಂಗಲಾಚುತ್ತಾನೆ, ಅಳುತ್ತಾನೆ. ಮಾಸ್ಟರ್ ಒಲ್ಲೆ ಎನ್ನುತ್ತಾನೆ. ಡಾಕ್ಟರ್‌ನ ಸೆರೆಯಾಳಾಗಿ ಬದುಕುವುದಕ್ಕಿಂತ, ಅವನನ್ನು ಒಂಟಿಯಾಗಿಸಿ ಸಾಯುವುದೇ ಅವನಿಗೆ ಗೆಲುವು. 1976ರಲ್ಲಿ ಒಂದು ತುಣುಕು ಆಯುಸ್ಸಿಗಾಗಿ ಇಡೀ ಗ್ಯಾಲಿಫ್ರೇಯನ್ನೇ ಬಲಿಕೊಡಲು ಹೊರಟವನು ಇವನೇ. ಮುಂದೆ 2017ರಲ್ಲಿ, ಒಳ್ಳೆಯ ದಾರಿಗೆ ಬರುತ್ತಿದ್ದ ಮಿಸ್ಸಿ ಎಂಬ ತನ್ನ ಮುಂದಿನ ಹೆಣ್ಣುರೂಪವನ್ನು ಮಾಸ್ಟರ್‌ನೇ ಮತ್ತೆ ಹುಟ್ಟಲಾಗದಂತೆ ಹೊಡೆದು ಕೊಲ್ಲುತ್ತಾನೆ. ಮರುಹುಟ್ಟಿನ ಮಿತಿ ಈ ಪಾತ್ರದ ಇತಿಹಾಸದುದ್ದಕ್ಕೂ ಶೀಲಪರೀಕ್ಷೆಯಾಗಿ ಕೆಲಸ ಮಾಡಿದೆ.

ನಾಯಕನ ಸರದಿ ಬಂದದ್ದು 2013ರ ಡಿಸೆಂಬರ್ 25ರಂದು, ಸ್ಟೀವನ್ ಮಾಫಟ್ ಬರೆದ ‘ದಿ ಟೈಮ್ ಆಫ್ ದಿ ಡಾಕ್ಟರ್’ನಲ್ಲಿ. ಜಾನ್ ಹರ್ಟ್ ಅಭಿನಯಿಸಿದ ಯುದ್ಧಕಾಲದ ಡಾಕ್ಟರ್ ಒಂದು, ಡೇವಿಡ್ ಟೆನೆಂಟ್ ಕಾಲದಲ್ಲಿ ಮುಖ ಬದಲಾಗದೆಯೇ ಖರ್ಚಾದ ಮರುಹುಟ್ಟು ಇನ್ನೊಂದು; ಇವೆರಡನ್ನು ಸೇರಿಸಿದರೆ ಮ್ಯಾಟ್ ಸ್ಮಿತ್ ಹದಿಮೂರನೆಯ, ಅಂದರೆ ಕೊನೆಯ ದೇಹ. ಟ್ರೆನ್ಜಲೋರ್ ಗ್ರಹದ ಪುಟ್ಟ ಊರನ್ನು ಕಾಯುತ್ತ ಶತಮಾನಗಳನ್ನು ಕಳೆದು, ಕೋಲೂರಿ ನಡೆಯುವ ಮುದುಕನಾಗುವ ಡಾಕ್ಟರ್ ಈ ಧಾರಾವಾಹಿಯ ಬಹು ಘನವಾದ ಚಿತ್ರಗಳಲ್ಲಿ ಒಂದು. ಆದರೆ ಜೊತೆಗಾತಿ ಕ್ಲಾರಾ ಮೊರೆಯಿಟ್ಟೊಡನೆ ಟೈಮ್ ಲಾರ್ಡ್‌ಗಳು ಆಕಾಶದ ಬಿರುಕಿನಿಂದ ಮರುಹುಟ್ಟುಗಳ ಹೊಸ ಆವರ್ತವನ್ನೇ ದಯಪಾಲಿಸುತ್ತಾರೆ. ಇದಕ್ಕೆ ಪೂರ್ವನಿದರ್ಶನವಿತ್ತು: 1983ರ ‘ದಿ ಫೈವ್ ಡಾಕ್ಟರ್ಸ್’ನಲ್ಲಿ ಗ್ಯಾಲಿಫ್ರೇಯ ಮಂಡಳಿ ಮಾಸ್ಟರ್‌ಗೆ ಇದೇ ಆಮಿಷ ಒಡ್ಡಿತ್ತು. ನಿಯಮದ ಪ್ರಕಾರ ತಪ್ಪಿಲ್ಲ. ಆದರೂ ಮಾಡ್ರಿನ್‌ನ ಹಡಗಿನಲ್ಲಿ ಎಂಟಕ್ಕೆ ಎಂಟು ಎಂದು ಅಳೆದು ತೂಗಿದ್ದ ವಸ್ತು ಇಲ್ಲಿ ಬೆಲೆಯಿಲ್ಲದೆ ಸಿಕ್ಕಿಬಿಟ್ಟಿತು.

2020ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಆ ಗಡಿಯ ಅರ್ಥವನ್ನೇ ತಿರುಗಿಸಿತು. ಕ್ರಿಸ್ ಚಿಬ್ನಲ್ ಅವರ ಈ ಕಥೆಯಲ್ಲಿ ಮರುಹುಟ್ಟು ಗ್ಯಾಲಿಫ್ರೇಯವರ ಸ್ವಂತ ಗುಣವೇ ಅಲ್ಲ. ಟೆಕ್ಟ್ಯೂನ್ ಎಂಬ ವಿಜ್ಞಾನಿ ಬೇರೆಲ್ಲಿಂದಲೋ ಬಂದ ಅನಾಥ ಮಗುವಿನ ಮೇಲೆ ಪ್ರಯೋಗ ನಡೆಸಿ ಅದನ್ನು ಪಡೆದಳು. ತನ್ನವರಿಗೆ ಹಂಚುವಾಗ ಹನ್ನೆರಡಕ್ಕೆ ಮಿತಿಗೊಳಿಸಲಾಯಿತು. ಆ ಮಗುವೇ ಡಾಕ್ಟರ್. ಈ ಬದಲಾವಣೆಯನ್ನು ಒಪ್ಪದವರು ಬಹಳ. ನನ್ನ ಅಭಿಪ್ರಾಯದಲ್ಲಿ ಡಾಕ್ಟರ್‌ನ ಪಾತ್ರಕ್ಕೆ ಇದರಿಂದ ನಷ್ಟವೇ ಹೆಚ್ಚು, ಏಕೆಂದರೆ ಸಾವಿನ ಗಡಿಯಿಲ್ಲದವನ ತ್ಯಾಗ ಹಗುರ. ಮಾಸ್ಟರ್‌ಗೆ ಮಾತ್ರ ಲಾಭವಾಗಿದೆ. 1976ರಲ್ಲಿ ಪ್ರಕೃತಿಯ ವಿಧಿಯಂತೆ ಕಂಡದ್ದು ಈಗ ಆಳುವವರು ಹೇರಿದ ಕಟ್ಟಳೆ. ಆ ಕೊಳೆತ ಮುಖದ ಸಿಟ್ಟಿಗೆ ಹೊಸದೊಂದು ಕಾರಣ ದೊರೆತಿದೆ.

ಡಾಕ್ಟರ್‌ಗೆ ಕೊಟ್ಟ ಹೊಸ ಆವರ್ತದಲ್ಲಿ ಎಷ್ಟು ಮರುಹುಟ್ಟುಗಳಿವೆ ಎಂದು 2015ರ ‘ಹೆಲ್ ಬೆಂಟ್’ನಲ್ಲಿ ಗ್ಯಾಲಿಫ್ರೇಯ ಆಡಳಿತಗಾರ ರಾಸಿಲಾನ್ ಕೇಳುತ್ತಾನೆ, ಉತ್ತರ ಬರುವುದಿಲ್ಲ. ಉತ್ತರ ಬೇಕಿದೆ, ಮುಂದಿನ ಬರಹಗಾರರು ಮತ್ತೊಮ್ಮೆ ಒಂದು ಸಂಖ್ಯೆಯನ್ನು ಹೇಳಿ ಅದಕ್ಕೆ ಕಟ್ಟುಬೀಳಬೇಕು. ಈ ವಿಷಯದಲ್ಲಿ ಆಸಕ್ತಿಯುಳ್ಳವರು ‘ದಿ ಡೆಡ್ಲಿ ಅಸಾಸಿನ್’ನ ನಾಲ್ಕು ಕಂತು, ‘ಮಾಡ್ರಿನ್ ಅನ್‌ಡೆಡ್’ನ ನಾಲ್ಕು ಕಂತುಗಳನ್ನು ಒಂದರ ಹಿಂದೆ ಒಂದರಂತೆ ನೋಡಲಿ. ಎರಡೂ ಪೂರ್ತಿಯಾಗಿ ಉಳಿದುಬಂದಿವೆ.