ಶಾಪಾಶಯದ ವಾಗ್ಮಿತೆ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ದಾನಶಾಸನಗಳನ್ನು ಓದುವ ಒಂದು ಬಗೆ

ದಾನಶಾಸನ ಕೈಗೆ ಸಿಕ್ಕಾಗ ತೇದಿ, ಅರಸನ ಹೆಸರು, ಹೊಲದ ಎಲ್ಲೆಗಳನ್ನು ಗುರುತು ಹಾಕಿಕೊಂಡು, ಕೊನೆಯ ಶಾಪಾಶಯವನ್ನು, ಅಂದರೆ ದಾನವನ್ನು ಕಾಯಿರೆಂದು ಬೇಡುವ, ಕೆಡಿಸಿದವರನ್ನು ಶಪಿಸುವ ಭಾಗವನ್ನು, ರೂಢಿಯ ಮಾತೆಂದು ದಾಟಿಬಿಡುವುದುಂಟು. ಶಾಸನದ ಜೀವವಿರುವುದು ಆ ಕೊನೆಯ ಸಾಲುಗಳಲ್ಲೇ ಎಂಬುದು ನನ್ನ ವಾದ.

ಆ ಸಾಲುಗಳನ್ನು ಕಾವ್ಯದ ಅಳತೆಯಿಂದ ಓದಬಹುದು, ವಾಗ್ಮಿತೆಯ ಅಳತೆಯಿಂದಲೂ ಓದಬಹುದು. ಸುಮಾರು 850ರ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿ ಕಾವ್ಯದ ಗುಣದೋಷಗಳನ್ನೂ ಅಲಂಕಾರಗಳನ್ನೂ ವಿಚಾರಿಸುತ್ತದೆ. ಅರಿಸ್ಟಾಟಲನ ವಾಗ್ಮಿತಾಶಾಸ್ತ್ರದ ದಾರಿ ಬೇರೆ: ಕೇಳುವವರನ್ನು ಒಪ್ಪಿಸಲು ಆಯಾ ಸಂದರ್ಭದಲ್ಲಿ ಒದಗುವ ಉಪಾಯಗಳನ್ನು ಕಾಣಬಲ್ಲ ಶಕ್ತಿಯೇ ಅವನಿಗೆ ವಾಗ್ಮಿತೆ. ವಾಗ್ಮಿತೆಯ ವಿಮರ್ಶೆ ನೋಡಬೇಕಾದ್ದು ಮಾತಿನ ಚೆಲುವನ್ನಲ್ಲ, ಪರಿಣಾಮವನ್ನು ಎಂದು ಹರ್ಬರ್ಟ್ ವಿಚೆಲ್ನ್ಸ್ 1925ರಲ್ಲಿ ಖಚಿತವಾಗಿ ಹೇಳಿದ. ಶಾಸನಕ್ಕೆ ಕೇಳಬೇಕಾದ ಪ್ರಶ್ನೆಯೂ ಇದೇ: ಇದು ಯಾರೊಡನೆ ಮಾತಾಡುತ್ತಿದೆ, ಅವರಿಂದ ಏನು ಬಯಸುತ್ತಿದೆ?

ಹಿಂದೂಪುರದ ಬಳಿಯ ಲೇಪಾಕ್ಷಿಯ ಗೋಡೆಗಳ ಮೇಲೆ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಮಡಕಶಿರದ ಕಡೆಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಕಲ್ಯಾಣದುರ್ಗದ ಕಡೆಯ ಕಂಬದೂರೂ ಈ ಸೀಮೆಯದೇ. ನೊಳಂಬರು, ಚೋಳರು, ಚಾಲುಕ್ಯರು ಕಾದಾಡಿದ ಈ ನೆಲದಲ್ಲಿ ದಾನಿಯ ನಿಜವಾದ ಚಿಂತೆ ಮುಂದೆ ಬರುವ ಅರಸನದು. ಅವನು ಇನ್ನೂ ಹುಟ್ಟಿಲ್ಲ. ಹಗೆಯ ವಂಶದವನೂ ಆಗಬಹುದು. ಅವನ ಮೇಲೆ ದಾನಿಯ ಆಜ್ಞೆ ನಡೆಯದು. ಆದ್ದರಿಂದಲೇ ಒಪ್ಪಿಸುವ ಮಾತು ಬೇಕಾಯಿತು.

ಶಾಪಾಶಯದ ಸಂಸ್ಕೃತ ಶ್ಲೋಕಗಳು ಈ ಸೀಮೆಗೇ ಮೀಸಲಲ್ಲ, ಭಾರತದುದ್ದಕ್ಕೂ ಕಾಣುವಂಥವು. ಆದರೂ ಅವುಗಳ ಜಾಣತನವನ್ನು ನಿಧಾನವಾಗಿ ನೋಡಬೇಕು. ಒಂದು ಶ್ಲೋಕದಲ್ಲಿ ದಾನಿ ಹಿಂದೆ ಸರಿದು ಶ್ರೀರಾಮನೇ ಮುಂದಿನ ಅರಸರನ್ನೆಲ್ಲ ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ. ಸಾಮಾನ್ಯ ಗಾವುಂಡನ ಮಾತಿಗೆ ಇಲ್ಲದ ತೂಕ ಹೀಗೆ ಬರುತ್ತದೆ. ಇನ್ನೊಂದು ಶ್ಲೋಕದ ಪ್ರಕಾರ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹೆಚ್ಚು. ಇಲ್ಲಿ ದಾನಿ ತನ್ನ ಹಿರಿಮೆಯನ್ನೇ ಆ ಅಪರಿಚಿತ ಅರಸನಿಗೆ ಬಿಟ್ಟುಕೊಡುತ್ತಾನೆ. ಕೇಳುವವನು ನಮ್ಮವನಾದಾಗಲೇ ಒಪ್ಪುತ್ತಾನೆಂಬ ಕೆನೆತ್ ಬರ್ಕ್‌ನ ವಿಚಾರಕ್ಕೆ (1950) ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಕನ್ನಡ ಗದ್ಯಭಾಗ ಊರವರೊಡನೆ ಮಾತಾಡುತ್ತದೆ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಕಾಶಿ ದೂರದ್ದು, ಹಸುವಾದರೋ ಪ್ರತಿ ಮನೆಯ ಕೊಟ್ಟಿಗೆಯಲ್ಲಿದೆ. ಭಯ ಒಳಗೆ ಬರುವುದು ಆ ಬಾಗಿಲಿಂದ. ಓದು ಬಾರದವರಿಗಾಗಿ ಇಂಥ ಕಲ್ಲುಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನೂ ಕರುವಿಗೆ ಹಾಲೂಡುವ ಹಸುವನ್ನೂ ಕೆತ್ತುವುದಿತ್ತು.

ಈ ಮಾತುಗಳು ಫಲಿಸಿದವೇ? ಅದನ್ನು ಶಾಪಾಶಯವೊಂದರಿಂದಲೇ ತಿಳಿಯಲಾಗದು. ಕೆಟ್ಟುಹೋದ ದತ್ತಿಯನ್ನು ನಂತರದ ಅರಸರು ಮತ್ತೆ ನಡೆಯಿಸಿದ ಶಾಸನಗಳನ್ನು ಮೂಲ ಶಾಸನದ ಜೊತೆಗಿಟ್ಟು, ಯಾವ ಮಾತು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಊರೂರಿನಲ್ಲಿ ಹೋಲಿಸಿ ನೋಡಬೇಕು.