ಲವಂಗದ ಎಣ್ಣೆ ಮಾಂಸ ಕಾಯುತ್ತಾ? ಠಾಣೆಯ ವಿಂದಾಲೂದಿಂದ ವಾಶಿಯ ಮಸಾಲೆ ಮಾರ್ಕೆಟ್‌ವರೆಗೆ

ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಕೊಡಗಿನ ಹುಡುಗನೊಬ್ಬ ಮೊನ್ನೆ ಕೇಳಿದ: "ಸರ್, ಅಮ್ಮ ಊರಿಂದ ಹಂದಿ ಮಾಂಸದ ಉಪ್ಪಿನಕಾಯಿ ಬಸ್ಸಲ್ಲಿ ಕಳಿಸ್ತಾರೆ. ನಮ್ಮ ಪಿಜಿಯಲ್ಲಿ ಫ್ರಿಜ್ ಇಲ್ಲ. ನಾಲ್ಕು ಹನಿ ಲವಂಗದ ಎಣ್ಣೆ ಹಾಕಿದ್ರೆ ಕೆಡಲ್ಲ ಅಂತಾರೆ, ನಿಜಾನಾ?"

ಅರ್ಧ ನಿಜ. ಆ ಅರ್ಧ ಎಲ್ಲಿಗೆ ಮುಗಿಯುತ್ತೆ ಅನ್ನೋದನ್ನ ನಾವಿರೋ ಊರುಗಳ ಇತಿಹಾಸದಲ್ಲೇ ನೋಡಬಹುದು.

1534ರ ಒಪ್ಪಂದದಲ್ಲಿ ಗುಜರಾತಿನ ಸುಲ್ತಾನ ವಸಈ ಪ್ರದೇಶವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಠಾಣೆಯೂ ಅವರ ಕೈಗೆ ಬಂತು. 1737ರಲ್ಲಿ ಮರಾಠರು ಗೆಲ್ಲೋವರೆಗೂ ಅವರದ್ದೇ ಆಡಳಿತ. ಅವರ ಜೊತೆ ಒಂದು ಅಡುಗೆ ಕ್ರಮವೂ ಬಂತು: ಮಾಂಸವನ್ನು ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡೋದು, 'ವಿಞ ದ ಆಲ್ಯೋಸ್'. ನಮ್ಮ ಕಡೆ ವೈನ್ ಜಾಗಕ್ಕೆ ವಿನೆಗರ್ ಬಂತು, ಮೆಣಸಿನಕಾಯಿ, ಲವಂಗ, ಚಕ್ಕೆ ಸೇರಿದವು, ಹೆಸರು ವಿಂದಾಲೂ ಆಯ್ತು. ಅದರಲ್ಲಿರೋ 'ಆಲೂ' ಆಲೂಗಡ್ಡೆ ಅಲ್ಲ, ಬೆಳ್ಳುಳ್ಳಿ!

ಇದನ್ನು ಇವತ್ತಿಗೂ ಮಾಡೋರಲ್ಲಿ ಠಾಣೆ, ವಸಈ, ಮುಂಬೈಯ ಈಸ್ಟ್ ಇಂಡಿಯನ್ ಕ್ರೈಸ್ತರು ಇದ್ದಾರೆ. ಅವರು ಆ ಹೆಸರಿಟ್ಟುಕೊಂಡದ್ದು 1887ರಲ್ಲಿ. ಯಾಕೆ ಗೊತ್ತಾ? ಗೋವಾ, ಮಂಗಳೂರಿಂದ ಕೆಲಸ ಹುಡುಕ್ಕೊಂಡು ಬಂದ ಕ್ರೈಸ್ತರಿಗಿಂತ ತಾವು ಬೇರೆ, ಇಲ್ಲಿನ ಮೂಲದವರು ಅಂತ ತೋರಿಸೋಕೆ. ಅಂದ್ರೆ ನಮ್ಮ ಕಡೆಯವರು ಕೆಲಸಕ್ಕೆ ಈ ಕಡೆ ಬರೋದು ಐಟಿ ಕಾಲದ ಕತೆ ಮಾತ್ರ ಅಲ್ಲ.

ಅದೇ 1887ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಬಳಗದ ಶಾರ್ಲ್ ಶಾಂಬರ್ಲಾಂಡ್, ಸಸ್ಯಗಳ ಸುಗಂಧ ತೈಲಗಳನ್ನು ಆಂಥ್ರಾಕ್ಸ್ ರೋಗಾಣುವಿನ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಇವತ್ತು ಕಾರಣ ಗೊತ್ತಿದೆ. ಲವಂಗದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜಿನಾಲ್, ಓಮದ ಎಣ್ಣೆಯಲ್ಲಿ ಥೈಮಾಲ್. ಇವು ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಅದನ್ನು ಸೋರೋ ಹಾಗೆ ಮಾಡ್ತವೆ.

ಹಾಗಾದ್ರೆ ಬಿಸಿ ದೇಶದವರು ಮಾಂಸ ಕೆಡದಿರಲಿ ಅಂತಾನೇ ಮಸಾಲೆ ಹಾಕಿದ್ರಾ? 1998ರಲ್ಲಿ ಅಮೆರಿಕದ ಬಿಲ್ಲಿಂಗ್ ಮತ್ತು ಶರ್ಮನ್ 36 ದೇಶಗಳ ಮಾಂಸದ ಅಡುಗೆಗಳನ್ನು ನೋಡಿ ಹೌದು ಅಂದ್ರು. 2021ರಲ್ಲಿ ಇನ್ನೊಂದು ತಂಡ 33,000ಕ್ಕೂ ಹೆಚ್ಚು ಅಡುಗೆಗಳನ್ನು ಲೆಕ್ಕಹಾಕಿ, ಅದಕ್ಕೆ ಗಟ್ಟಿ ಆಧಾರ ಇಲ್ಲ ಅಂತು.

ಈಗ ನವಿ ಮುಂಬೈಗೆ ಬನ್ನಿ. ವಾಶಿಯ ಎಪಿಎಂಸಿ ಮಸಾಲೆ ಮಾರ್ಕೆಟ್ ನಿಮಗೆ ಗೊತ್ತು, ಗೇಟ್ ದಾಟಿದ್ರೆ ಸೀನು ಬರುತ್ತೆ. ಅದೇ ವಾಶಿಯಲ್ಲಿ 2000ದಿಂದ ಅಣುಶಕ್ತಿ ಇಲಾಖೆಯ ಒಂದು ಘಟಕ ಇದೆ. ಅಲ್ಲಿ ಮಸಾಲೆಗಳಿಗೆ ಗಾಮಾ ಕಿರಣ ಹಾಯಿಸ್ತಾರೆ, ಅದರಲ್ಲಿರೋ ರೋಗಾಣು ಸಾಯಲಿ ಅಂತ. ಯೋಚನೆ ಮಾಡಿ: ಒಣ ಮಸಾಲೆಯೊಳಗೇ ಎಣ್ಣೆ ಇದೆ. ಆದ್ರೂ ಬ್ಯಾಕ್ಟೀರಿಯಾದ ಬೀಜಕಣಗಳು ಅಲ್ಲೇ ಆರಾಮಾಗಿ ಕೂತಿರ್ತವೆ. ತನ್ನನ್ನೇ ಪೂರ್ತಿ ಕಾಯ್ಕೊಳ್ಳದ್ದು ಮಾಂಸವನ್ನು ಒಂಟಿಯಾಗಿ ಹೇಗೆ ಕಾಯುತ್ತೆ?

ಮಾಂಸದಲ್ಲಿ ಇನ್ನೊಂದು ತೊಡಕು ಕೊಬ್ಬು. ಸುಗಂಧ ತೈಲ ನೀರು ಬಿಟ್ಟು ಕೊಬ್ಬಿಗೆ ಅಂಟುತ್ತೆ, ಬ್ಯಾಕ್ಟೀರಿಯಾ ಬೆಳೆಯೋದು ನೀರಿನಂಶದಲ್ಲಿ. ಅದಕ್ಕೇ ಪ್ರಯೋಗಾಲಯದ ತಟ್ಟೆಯಲ್ಲಿ ಸಾಕಾದ ಪ್ರಮಾಣ ಮಾಂಸದಲ್ಲಿ ಸಾಲಲ್ಲ. ಜಾಸ್ತಿ ಹಾಕಿದ್ರೆ ಹಲ್ಲುನೋವಿನ ಔಷಧಿ ವಾಸನೆ ಬರುತ್ತೆ, ತಿನ್ನೋಕಾಗಲ್ಲ.

ನಿಜವಾದ ಭಯ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾದ್ದು. ಅದರ ಬೀಜಕಣ ಮಾಮೂಲಿ ಕುದಿಸೋದಕ್ಕೆ ಸಾಯಲ್ಲ. ಗಾಳಿ ಇಲ್ಲದ, ಹುಳಿ ಕಡಿಮೆ ಇರೋ, ಬೆಚ್ಚಗಿನ ಜಾಗ ಸಿಕ್ಕಿದ್ರೆ ವಿಷ ಮಾಡುತ್ತೆ, ವಾಸನೆಯಿಂದ ಗೊತ್ತೂ ಆಗದಿರಬಹುದು. ಮೇಲೆ ಎಣ್ಣೆ ನಿಂತ ಬಾಟಲಿ ಅಂಥದ್ದೇ ಜಾಗ. 1985ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹತ್ತಾರು ಜನ ಹೀಗೆ ಕಾಯಿಲೆ ಬಿದ್ದರು. ಬೆಳ್ಳುಳ್ಳಿಗಿಂತ ನ್ಯಾಚುರಲ್ ಏನಿದೆ ಹೇಳಿ?

ಹಳೇ ವಿಂದಾಲೂ ನಿಂತಿದ್ದು ಮುಖ್ಯವಾಗಿ ವಿನೆಗರಿನ ಹುಳಿ, ಉಪ್ಪು, ಚೆನ್ನಾಗಿ ಬೇಯಿಸಿದ್ದರಿಂದ. ಪಿಎಚ್ 4.6ಕ್ಕಿಂತ ಕೆಳಗೆ ಬೊಟುಲಿನಂ ಬೆಳೆಯಲ್ಲ. ಕೊಡಗಿನವರ ಕಾಚಂಪುಳಿಯೂ ಹುಳಿಯ ಕೆಲಸವನ್ನೇ ಮಾಡೋದು. ಮಸಾಲೆ ಅದಕ್ಕೆ ಕೈ ಜೋಡಿಸುತ್ತೆ ಅಷ್ಟೆ. ಇವತ್ತಿನ ಮಾಂಸ ವಿಜ್ಞಾನಿಗಳೂ ತೈಲವನ್ನು ತಂಪು, ಹುಳಿ, ಒಳ್ಳೆ ಪ್ಯಾಕಿಂಗ್ ಜೊತೆಗೇ ಪ್ರಯೋಗ ಮಾಡ್ತಾರೆ.

ಆ ಹುಡುಗನಿಗೆ ಹೇಳಿದೆ: ಲವಂಗದ ಎಣ್ಣೆ ನಂಬಿ ಹೊರಗಿಡಬೇಡ. ಮನೆಯಲ್ಲಿ ಅಂದಾಜಿಗೆ ಹಾಕಿದ ಹುಳಿ ಎಷ್ಟಿದೆ ಅಂತ ನಾಲಿಗೆಗೆ ಗೊತ್ತಾಗಲ್ಲ, ಅದನ್ನೂ ನಂಬಬೇಡ. ಅಮ್ಮನಿಗೆ ಸಣ್ಣ ಬಾಟಲಿ ಕಳಿಸೋಕೆ ಹೇಳು, ಐಸ್ ಪ್ಯಾಕ್ ಜೊತೆ. ಬಂದ ದಿನವೇ ಫ್ರಿಜ್ ಇರೋ ಗೆಳೆಯನ ಮನೆಗೆ ಹೋಗು, ಕೂತು ಇಬ್ಬರೂ ತಿನ್ನಿ.